ಕೆಂಪು ಕಾರ್ಡಿನ ಮೇಲಿನ ತಕರಾರು ಅರ್ಜಿ

ನಾವು ಗೆದ್ದಿದ್ದೆವು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಮರುದಿನ ಬೆಳಿಗ್ಗೆ ನಮ್ಮ ಇಂಡಿ ಊರಿನ ಲಿಂಬೆ ಮಾರುಕಟ್ಟೆಯ ಎದುರಿನ ಚಹಾದಂಗಡಿಯಲ್ಲಿ ನಮ್ಮ ಮಂದಿ ಕೂತಿದ್ದ ರೀತಿ ನೋಡಿದವರು, ಯಾರೋ ದೊಡ್ಡವರು ತೀರಿಕೊಂಡಿರಬೇಕು ಎಂದೇ ತಿಳಿಯುತ್ತಿದ್ದರು.

ನಾಲ್ಕು ತಾಲೂಕುಗಳ ಫುಟ್‌ಬಾಲ್ ಪಂದ್ಯಾವಳಿ. ಸಿಂದಗಿಯ ಮೈದಾನದಲ್ಲಿ ಸೆಮಿಫೈನಲ್, ಎದುರಿಗೆ ಮುದ್ದೇಬಿಹಾಳ. ಒಂದೇ ಒಂದು ಗೋಲಿನಿಂದ ಗೆದ್ದು, ಭಾನುವಾರ ಬಸವನ ಬಾಗೇವಾಡಿಯಲ್ಲಿ ನಡೆಯುವ ಫೈನಲ್‌ಗೆ ಹೋಗಿದ್ದೆವು. ಆದರೆ ಅರ್ಧವಿರಾಮ ಮುಗಿದು ಐದೇ ನಿಮಿಷಕ್ಕೆ ರೆಫರಿ ನಮ್ಮ ಹಿಂದಿನ ಸಾಲಿನ ಆಟಗಾರನಿಗೆ ಕೆಂಪು ಕಾರ್ಡು ತೋರಿಸಿ ಹೊರಗೆ ಕಳಿಸಿದ್ದರು. ಕೆಂಪು ಕಾರ್ಡು ಕಂಡವನು ಮುಂದಿನ ಪಂದ್ಯ ಆಡುವಂತಿಲ್ಲ. ಮುಂದಿನ ಪಂದ್ಯವೆಂದರೆ ಫೈನಲ್.

ಆತ ಮಾರುಕಟ್ಟೆಯಲ್ಲಿ ಲಿಂಬೆ ಆರಿಸಿ ಚೀಲ ತುಂಬುವವ. ಮೂವತ್ತಾರರ ವಯಸ್ಸು. ಬಲಮೊಣಕಾಲು ಬಹಳ ದಿನದಿಂದ ಅವನ ಮಾತು ಕೇಳುತ್ತಿರಲಿಲ್ಲ. ಈ ಸಲವೇ ಕೊನೆ ಎಂದು ಹೆಂಡತಿಗೆ ವಚನ ಕೊಟ್ಟಿದ್ದ. ಹದಿನಾಲ್ಕು ವರ್ಷ ಆಡಿದರೂ ಒಂದು ಫೈನಲ್ ಕಂಡವನಲ್ಲ. ಈಗ ಫೈನಲ್ ಬಂದಿತ್ತು, ಅವನಿಗೆ ಬೆಂಚಿನ ಮೇಲೂ ಜಾಗ ಇರಲಿಲ್ಲ.

ಮುದ್ದೇಬಿಹಾಳದ ಮುಂದಿನ ಸಾಲಿನ ಹುಡುಗ ಕಣ್ಣು ಮುಚ್ಚಿಕೊಂಡು ನೆಲಕ್ಕೆ ಬಿದ್ದು ಹೊರಳಾಡಿದ್ದನ್ನು ಎಲ್ಲರೂ ನೋಡಿದ್ದರು. ಯಾಕೆ ಬಿದ್ದ ಎನ್ನುವುದನ್ನು ಮಾತ್ರ ಒಬ್ಬರೂ ನೋಡಿರಲಿಲ್ಲ. ಸಾಕ್ಷಿಯೆಂದು ಇದ್ದದ್ದು ಒಂದು ಮೊಬೈಲ್ ವಿಡಿಯೋ. ತೆಗೆದವನು ಒಂದು ಕೈಯಲ್ಲಿ ಚುರಮುರಿ ತಿನ್ನುತ್ತಿದ್ದುದರಿಂದ ಮೈದಾನ ಒಂದು ಮಗ್ಗುಲಿಗೆ ವಾಲಿತ್ತು. ನಿರ್ಣಾಯಕ ಕ್ಷಣ ಬರುತ್ತಲೇ ಪರದೆಯ ತುಂಬ ಯಾರದೋ ತಲೆಗೆ ಸುತ್ತಿದ ಹಳದಿ ಪಟಕ. ಆ ಪಟಕವನ್ನು ನಾವು ಮೂವತ್ತು ಸಲವಾದರೂ ನೋಡಿರಬೇಕು. ಹತ್ತನೇ ಸಲಕ್ಕೆ ಪಟಕದವನು ಬೇಕೆಂದೇ ಅಡ್ಡ ನಿಂತಿದ್ದಾನೆ ಎಂದಾಯಿತು. ಇಪ್ಪತ್ತನೇ ಸಲಕ್ಕೆ ಅವನು ಮುದ್ದೇಬಿಹಾಳದವನೇ ಎಂದು ಸಾಬೀತಾಯಿತು. ಪಟಕ ಸುತ್ತಿದ ರೀತಿಯಿಂದಲೇ ತಿಳಿಯುತ್ತದಂತೆ.

ತನಿಖೆಯ ಮುಖ್ಯಸ್ಥ ಒಬ್ಬ ಲಿಂಬೆ ದಲಾಲಿ. ಹರಾಜಿನ ಸವಾಲು ಕೂಗಿ ಕೂಗಿ ಪಳಗಿದ ಗಂಟಲು. ಅವನು ಪಿಸುಗುಟ್ಟಿದರೂ ರಸ್ತೆಯಾಚೆ ಕೇಳುತ್ತದೆ. ಅವನು ವಿಡಿಯೋ ಬದಿಗಿಟ್ಟು ಅಸಲು ಪ್ರಶ್ನೆಗೆ ಬಂದ. ರೆಫರಿಯ ಹೆಂಡತಿಯ ತವರು ಯಾವುದು?

ನಮ್ಮ ಕಡೆ ಒಬ್ಬ ಮನುಷ್ಯನ ನ್ಯಾಯದ ಬಗ್ಗೆ ಸಂಶಯ ಬಂದರೆ ಅವನು ಏನು ಮಾಡಿದ ಎಂದು ಯಾರೂ ಕೇಳುವುದಿಲ್ಲ. ಅವನ ಬೀಗರು ಯಾರು ಎಂದು ಕೇಳುತ್ತಾರೆ. ನಾಲ್ಕು ತಾಲೂಕುಗಳಲ್ಲಿ ಇವರು ಅವರಿಗೆ ಹೆಣ್ಣು ಕೊಟ್ಟು, ಅವರು ಇವರಿಂದ ತಂದು, ಎರಡು ಚಹಾ ಮುಗಿಯುವುದರೊಳಗೆ ಯಾರನ್ನು ಬೇಕಾದರೂ ಯಾರಿಗೆ ಬೇಕಾದರೂ ಬೀಗನನ್ನಾಗಿ ಮಾಡಬಹುದು. ರೆಫರಿ ಸಿಂದಗಿಯ ನಿವೃತ್ತ ಪಿ.ಟಿ. ಮಾಸ್ತರರು. ಅವರ ಹೆಂಡತಿ ಮುದ್ದೇಬಿಹಾಳದ ಕಡೆಯವರು ಎಂದು ಹೊರ್ತಿ ಹಳ್ಳಿಯವನೊಬ್ಬ ಹೇಳಿದ. ನಿನಗೆ ಹೇಗೆ ಗೊತ್ತು ಎಂದು ಯಾರೂ ಕೇಳಲಿಲ್ಲ. ಅಂಥ ಪ್ರಶ್ನೆ ಕೇಳಿದವನ ಹೆಂಡತಿಯ ತವರನ್ನೂ ಹುಡುಕುತ್ತಿದ್ದರು.

ಚಹಾದಂಗಡಿಯ ಚಾಚಾ ಮಾತ್ರ ಕಪ್ಪು ತೊಳೆಯುತ್ತ ನನ್ನ ಕಡೆ ತಿರುಗಿ ಅಂದರು: “ಗೆದ್ದವರು ತಕರಾರು ಕೊಡೂದು ನಾ ಇದ ಮೊದಲ ನೋಡಾಕತ್ತೇನಿ ನೋಡ್ರಿ.”

ತಕರಾರು ಅರ್ಜಿ ಬರೆಯುವ ಭಾರ ನನ್ನ ಮೇಲೆ ಬಿತ್ತು. ಮೂವತ್ತು ವರ್ಷ ಸರಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದವನು ನಾನು. ‘ಮಾನ್ಯರೇ’ ಎಂಬ ಶಬ್ದವನ್ನು ನನ್ನಷ್ಟು ಗಂಭೀರವಾಗಿ ಬರೆಯುವವರು ತಾಲೂಕಿನಲ್ಲಿ ಇನ್ನೊಬ್ಬರಿಲ್ಲ. ವಿಷಯ, ಉಲ್ಲೇಖ, ‘ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ’ ಎಲ್ಲ ಬರೆದು, ರೆಫರಿಯವರು ಬೀಗತನದ ಪ್ರಭಾವಕ್ಕೆ ಒಳಗಾಗಿರುವ ಬಗ್ಗೆ ಬಲವಾದ ಸಂಶಯವಿರುತ್ತದೆ ಎಂದು ಒಂದು ಪುಟ ತುಂಬಿಸಿದೆ. ಓದಿ ತೋರಿಸಿದಾಗ ದಲಾಲಿಯ ಕಣ್ಣು ಒದ್ದೆಯಾಯಿತು. ಉಳಿದದ್ದು ಆಟಗಾರನ ಹೇಳಿಕೆ. ಅದಿಲ್ಲದೆ ಅರ್ಜಿ ನಿಲ್ಲುವುದಿಲ್ಲ.

ಮಧ್ಯಾಹ್ನ ಅವನನ್ನು ಮಾರುಕಟ್ಟೆಯ ಹಿಂದೆ ಕೂರಿಸಿಕೊಂಡೆ. ಹೊಡೆದಿಯೋ ಇಲ್ಲವೋ, ಇದ್ದದ್ದು ಇದ್ದಹಾಗೆ ಹೇಳು ಎಂದೆ.

“ಹೊಡೀಲಿಲ್ಲರಿ ಕಾಕಾ. ಚೆಂಡಿಗೆ ಹಾರಿದಾಗ ಬಟ್ಟು ಅವನ ಕಣ್ಣಿಗೆ ತಾಗಿದ್ದು ಖರೆ. ಅಷ್ಟಕ್ಕ ಉರಿ ಉರಿ ಅಂತ ಬಾಯಿ ಬಡಕೊಂಡ. ಬಟ್ಟು ತಾಗಿದ್ರ ಉರೀತೈತೇನ್ರಿ? ನಾಟಕ.”

ನನ್ನ ಪೆನ್ನು ನಿಂತಿತು. ಬೆರಳು ತಾಗಿದರೆ ನೋಯಬಹುದು, ಉರಿಯುವುದಿಲ್ಲ. ಉರಿಯಬೇಕಾದರೆ ಬೆರಳಿಗೆ ಏನಾದರೂ ಹತ್ತಿರಬೇಕು. ಅರ್ಧವಿರಾಮದಲ್ಲಿ ಅವನ ಬೆರಳಿಗೆ ಏನು ಹತ್ತಿತ್ತು ಎಂಬುದು ಜಗತ್ತಿನಲ್ಲಿ ಯಾರಿಗಿಂತಲೂ ನನಗೆ ಚೆನ್ನಾಗಿ ಗೊತ್ತಿತ್ತು.

ತಂಡದಲ್ಲಿ ನನ್ನ ಪಾಲಿನ ಕೆಲಸ ಅರ್ಧವಿರಾಮದ ಉಪಚಾರ. ಬೇರೆ ತಂಡದವರು ಗ್ಲೂಕೋಸ್ ಕುಡಿಯುತ್ತಾರೆ. ಲಿಂಬೆಯ ಊರಿನವರು ಪುಡಿ ಕಲಸಿದ ನೀರು ಕುಡಿಯುವುದು ಅವಮಾನ ಎಂದು ನಾನು ಒಂದು ಪದ್ಧತಿ ಮಾಡಿದ್ದೆ. ಒಬ್ಬೊಬ್ಬರಿಗೆ ಎರಡೆರಡು ಹೋಳು ಲಿಂಬೆ, ಉಪ್ಪು ಹಚ್ಚಿ, ಹಿಂಡಿಕೊಂಡು ಚೀಪಬೇಕು. ಆ ದಿನ ಸೀಟಿ ಬೇಗ ಊದಿದ್ದರಿಂದ ಕೈ ತೊಳೆಯುವ ನೀರು ಕೊಡುವುದು ಉಳಿದುಹೋಯಿತು. ಹನ್ನೊಂದು ಜನರನ್ನು ಉಪ್ಪು ಲಿಂಬೆಯ ಕೈಯಲ್ಲಿ ಮೈದಾನಕ್ಕೆ ಅಟ್ಟಿದವನು ನಾನು.

ಸತ್ಯ ತಿಳಿದ ಕೂಡಲೇ ಹೇಳಿಬಿಟ್ಟೆ ಎಂದು ಬರೆದುಕೊಳ್ಳುವ ಆಸೆ ನನಗೂ ಇದೆ. ಆದರೆ ಮೊದಲು ಬಂದ ವಿಚಾರ ಬೇರೆ. ಇದನ್ನು ಇನ್ಯಾರಾದರೂ ಪತ್ತೆ ಹಚ್ಚಬಹುದೇ? ಎರಡು ದಿನ ಎಲ್ಲರ ಮುಖ ಪರೀಕ್ಷಿಸಿದೆ. ಚಾಚಾ ಚಹಾ ಕೊಡುತ್ತ ನಕ್ಕರೆ, ಇವರಿಗೆ ಗೊತ್ತಾಗಿದೆ ಅನಿಸುತ್ತಿತ್ತು. ನಗದಿದ್ದರೆ, ಖಂಡಿತ ಗೊತ್ತಾಗಿದೆ ಅನಿಸುತ್ತಿತ್ತು. ಅತ್ತ ನಮ್ಮ ಆಟಗಾರ ಕೆಲಸ ಮುಗಿಸಿ ದಿನವೂ ಸಂಜೆ ಒಬ್ಬನೇ ಮೈದಾನದ ಸುತ್ತ ಕುಂಟುತ್ತ ಓಡುತ್ತಿದ್ದ, ಅರ್ಜಿ ಪಾಸಾದರೆ ಮೈ ಸಿದ್ಧವಿರಲಿ ಎಂದು. ಗುರುವಾರ ಅದನ್ನು ಕಣ್ಣಾರೆ ನೋಡಿದೆ. ಶುಕ್ರವಾರ ಅವನನ್ನು ಕರೆದುಕೊಂಡು ಸಿಂದಗಿ ಬಸ್ಸು ಹತ್ತಿದೆ. ದಾರಿಯಲ್ಲಿ ತಾಂಬಾ ಊರು ದಾಟಿದ ಮೇಲೆ ಲಿಂಬೆಯ ಸಂಗತಿ ಹೇಳಿದೆ. ಅವನು ತನ್ನ ಕೈ ಮೂಸಿ ನೋಡಿಕೊಂಡು ಕಿಟಕಿಯ ಕಡೆ ತಿರುಗಿದ.

ಮಾಸ್ತರರು ನಮ್ಮನ್ನು ಪಡಸಾಲೆಯಲ್ಲಿ ಕೂರಿಸಿದರು. ಅವರ ಮನೆಯವರು ಚಹಾ ತಂದರು. ಅರ್ಜಿಯ ಮುಖ್ಯ ಆಧಾರವೇ ಎದುರಿಗೆ ಬಂದು ನಿಂತಂತಾಯಿತು. ಸಹಜವಾಗಿ ಕೇಳುವವನಂತೆ, ತಂಗಿ, ನಿಮ್ಮ ತವರುಮನಿ ಎಲ್ಲಿ ಎಂದೆ. “ದೇವಣಗಾಂವ್ರಿ ಅಣ್ಣಾ, ಇಲ್ಲೇ” ಅಂದರು. ದೇವಣಗಾಂವ ಸಿಂದಗಿ ತಾಲೂಕಿನ ಊರು, ಮುದ್ದೇಬಿಹಾಳಕ್ಕೂ ಅದಕ್ಕೂ ಏನೇನೂ ಸಂಬಂಧವಿಲ್ಲ. ಇಷ್ಟು ಬೇಗ ಉತ್ತರ ಕೊಟ್ಟರಲ್ಲ, ಯಾಕಿರಬಹುದು ಎಂದು ಒಂದು ಕ್ಷಣ ಮನಸ್ಸು ಕುಂಟಿತು. ಆಮೇಲೆ ನನಗೇ ನಾಚಿಕೆಯಾಯಿತು. ಕಿಸೆಯಲ್ಲಿದ್ದ ಅರ್ಜಿಯನ್ನು ಇನ್ನಷ್ಟು ಒಳಗೆ ತಳ್ಳಿ, ಲಿಂಬೆಯ ಕಥೆಯನ್ನು ಉಪ್ಪು ಸಮೇತ ಒಪ್ಪಿಸಿದೆ.

ತಪ್ಪೊಪ್ಪಿಗೆಯಿಂದ ಮನುಷ್ಯರು ಕರಗುತ್ತಾರೆ ಎಂದು ನಂಬಿದ್ದೆ. ಮಾಸ್ತರರು ಕರಗುವ ಬದಲು ಸಂಶಯಪಟ್ಟರು.

“ಅಂದ್ರ ಕೈಗೆ ಲಿಂಬಿಹಣ್ಣು ಹಚ್ಚಿ ಆಡಾಕ ಬಿಟ್ಟಿದ್ರಿ. ನಾ ಒಬ್ಬನಿಗೆ ಕಾರ್ಡು ತೋರಿಸಿದೆ. ನಿಮ್ಮ ಮಾತು ಕೇಳಿದ್ರ ಹನ್ನೊಂದೂ ಮಂದಿಗೆ ತೋರಿಸಬೇಕಿತ್ತಲ್ಲರಿ.”

ಬೇಕೆಂದು ಮಾಡಿದ್ದಲ್ಲ ಎಂದೆ. ಬೇಕೆಂದು ಮಾಡಿದವರೂ ಹಾಗೇ ಹೇಳುತ್ತಾರೆ ಎಂದರು. ಅದು ನಿಜವೇ. ಕೊನೆಗೆ ಅಂಗಳಕ್ಕೆ ಬನ್ನಿ ಎಂದು ನನ್ನನ್ನು ಮುದ್ದೇಬಿಹಾಳದ ಹುಡುಗನ ಜಾಗದಲ್ಲಿ, ನಮ್ಮ ಆಟಗಾರನನ್ನು ಅವನದೇ ಜಾಗದಲ್ಲಿ ನಿಲ್ಲಿಸಿ, ತಾವು ಇಪ್ಪತ್ತು ಹೆಜ್ಜೆ ಅಳೆದು ದನದ ಕೊಟ್ಟಿಗೆಯ ಹತ್ತಿರ ನಿಂತರು. ಇಲ್ಲದ ಚೆಂಡಿಗೆ ಇಬ್ಬರೂ ಹಾರಬೇಕು. ಅರವತ್ನಾಲ್ಕರ ವಯಸ್ಸಿನಲ್ಲಿ ನಾನು ಹಾರಿದ್ದನ್ನು ಹಾರಾಟ ಎನ್ನುವುದು ಔದಾರ್ಯ. ಮೂರು ಸಲ ಹಾರಿದೆವು, ಮೂರು ಸಲವೂ ಅವನ ಬೆರಳು ನನ್ನ ಹುಬ್ಬಿನ ಕೆಳಗೇ ಬಂದು ಸವರಿತು. ಮೂರನೇ ಸಲಕ್ಕೆ ಅವನ ಮೊಣಕಾಲು ಕೈಕೊಟ್ಟು ಅಂಗಳದಲ್ಲಿ ಕುಸಿದ. ಎಬ್ಬಿಸಲು ಬಾಗಿದ ನನ್ನ ಕೈ ಅವನು ಹಿಡಿಯಲಿಲ್ಲ. ತಾನೇ ಎದ್ದು, ಇನ್ನೊಮ್ಮೆ ಹಾರಲು ನಿಂತ.

ಮಾಸ್ತರರು ಸಾಕೆಂದರು. ಅವನ ಹತ್ತಿರ ಬಂದರು.

“ನೋಡು ತಮ್ಮಾ, ಅಲ್ಲಿಂದ ಅವತ್ತೂ ಹೊಡೆತದಂಗ ಕಂಡಿತ್ತು, ಇವತ್ತೂ ಹಂಗ ಕಾಣಾಕತ್ತೈತಿ. ಆದ್ರ ಇವರಿಗೆ ಏಟು ಬಿದ್ದಿಲ್ಲ. ಕಂಡದ್ದ ಒಂದು, ಆದದ್ದ ಒಂದು ಅಂತ ಬರದು ಕೊಡ್ತೇನಿ. ಬಿಡೂದು, ಬಿಡದಿರೂದು ಕಮಿಟಿಯವರಿಗೆ ಸೇರಿದ್ದು.”

ಶನಿವಾರ ಕಮಿಟಿಯವರ ಫೋನು ಬಂತು. ಕೆಂಪನ್ನು ಹಳದಿ ಮಾಡಿದ್ದಾರೆ, ಆಡಬಹುದು. ಒಂದು ಷರತ್ತು: ಇಂಡಿ ತಂಡದ ಉಪಚಾರದ ಹಿರಿಯರು ಮೈದಾನದ ಗೆರೆಯ ಹತ್ತಿರ ಕಾಣಿಸಿಕೊಳ್ಳಕೂಡದು. ಚಹಾದಂಗಡಿಯಲ್ಲಿ ಇದನ್ನು ಹೇಳಿದಾಗ ಸಂತೋಷ ಅರ್ಧ ಕಪ್ಪಿನಷ್ಟು ಹೊತ್ತು ಇತ್ತು. ನಂತರ ದಲಾಲಿ ಗಂಟಲು ಸರಿಮಾಡಿಕೊಂಡು, ಅರ್ಜಿ ಕೊಡದೆಯೇ ಕೆಲಸ ಆದದ್ದು ಹೇಗೆ, ನನಗೂ ಮಾಸ್ತರರಿಗೂ ಯಾವ ಕಡೆಯಿಂದ ನಂಟು ಎಂದು ಕೇಳಿದ. ಲಿಂಬೆಯ ಮಾತು ಹೇಳಿದೆ. ಒಬ್ಬನೂ ನಂಬಲಿಲ್ಲ.

ಭಾನುವಾರ ಬಾಗೇವಾಡಿಯಲ್ಲಿ ಮೈದಾನದ ಹೊರಗೆ ನಿಲ್ಲಿಸಿದ್ದ ಟ್ರ್ಯಾಕ್ಟರಿನ ಟ್ರಾಲಿ ಹತ್ತಿ ನಿಂತೆ. ಅಲ್ಲಿಂದ ಆಟಗಾರರು ಬೆರಳುದ್ದ ಕಾಣುತ್ತಿದ್ದರು. ನಮ್ಮವರು ಸಾಲಾಗಿ ಒಳಗೆ ಬಂದಾಗ ಕೊನೆಯವನು ಅವನೇ ಎಂದು ಕುಂಟುವ ರೀತಿಯಿಂದ ಗೊತ್ತಾಯಿತು. ಮೊಣಕಾಲಿಗೆ ಬಿಳಿ ಪಟ್ಟಿ ಸುತ್ತಿದ್ದ. ಹುಲ್ಲು ಮುಟ್ಟಿ ಹಣೆಗೆ ಒತ್ತಿಕೊಂಡು ತನ್ನ ಜಾಗಕ್ಕೆ ಹೋಗಿ ನಿಂತ.

ಪಕ್ಕದಲ್ಲಿದ್ದ ಬಾಗೇವಾಡಿಯ ಹಿರಿಯರೊಬ್ಬರು ನನ್ನ ಮೊಣಕೈ ತಿವಿದರು. ಅವ ಕೆಂಪು ಕಾರ್ಡು ತಿಂದವನಲ್ಲವೇ, ಹೇಗೆ ಬಿಟ್ಟರು ಎಂದು ವಿಚಾರಿಸಿದರು. ಒಳಗೆ ಏನೋ ನಡೆದಿರಬೇಕು ಎಂದೂ ಅಂದರು.

ಸೀಟಿ ಊದಿದರು. ಮೊದಲ ಚೆಂಡು ಮೇಲಿಂದ ಅವನ ಕಡೆಗೇ ಬಂತು. ಅವನು ಹಾರಿದ, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು.

“ನಡೆದಿರಬೇಕ್ರಿ” ಅಂದೆ.