ಕಿವಿಯಿರುವ ಪೆಟ್ಟಿಗೆ

ನಿನ್ನೆ ಮಧ್ಯಾಹ್ನ ಮೇಜಿನ ಕೆಳಗಿನ ಖಾನೆಯಲ್ಲಿ ಗುಂಡುಸೂಜಿ ಹುಡುಕುತ್ತಿದ್ದಾಗ ಒಂದು ತಾಮ್ರದ ಕೊಳವೆ ಕೈಗೆ ಸಿಕ್ಕಿತು. ಗೇಣುದ್ದದ್ದು. ಒಂದು ತುದಿಯನ್ನು ಸುತ್ತಿಗೆಯಿಂದ ಚಪ್ಪಟೆ ಮಾಡಿ, ಬೋಲ್ಟು ಹೋಗುವಷ್ಟು ತೂತು ಕೊರೆದಿದ್ದಾರೆ. ಇನ್ನೊಂದು ತುದಿಯಲ್ಲಿ ಒಣಗಿ ಬಿರುಕುಬಿಟ್ಟ ರಬ್ಬರ್ ಪೈಪಿನ ಚೂರು. ಹಳೆಯ ಎಂಜಿನ್ ಎಣ್ಣೆಯ ವಾಸನೆ ಇನ್ನೂ ಹೋಗಿಲ್ಲ. ಯಾಕೋ ಅದನ್ನು ಕಿವಿಗೆ ಹಿಡಿದೆ. ಗೋಡೆಯಾಚೆಯ ಫ್ರಿಜ್ಜಿನ ಗುಂಯ್‌ಗುಡುವಿಕೆ, ಅದರೊಳಗೆ ಎಲ್ಲೋ ದೂರದಲ್ಲಿ ಇನ್ಯಾರದೋ ಉಸಿರು. ನನ್ನದೇ ಉಸಿರು ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

ಕೊಳವೆ ನನ್ನ ಭಾವನದು, ಅಂದರೆ ಅಕ್ಕನ ಗಂಡನದು. ಅರಸೀಕೆರೆಯಲ್ಲಿ ಅವರ ಮನೆಯವರೆಲ್ಲ ಕೊಬ್ಬರಿ ವ್ಯಾಪಾರದವರು. ಇವರೊಬ್ಬರು ಮಾತ್ರ ಕೊಬ್ಬರಿ ಮಂಡಿಯ ಹಿಂದಿನ ಶೆಡ್ಡಿನಲ್ಲಿ ಕಾರು ರಿಪೇರಿಗೆ ನಿಂತರು. ಆ ಶೆಡ್ಡಿನೊಳಗೆ ಕಾಲಿಟ್ಟರೆ ಕೊಬ್ಬರಿಯ ಸಿಹಿಯೂ ಪೆಟ್ರೋಲಿನ ಘಾಟೂ ಒಟ್ಟಿಗೆ ಬಂದು ತಲೆ ಹಗುರಾಗುತ್ತಿತ್ತು. ಆಗುತ್ತಿತ್ತೇ? ಅಥವಾ ಬರೆಯಲು ಕುಳಿತಾಗ ನಾನು ಸೇರಿಸಿಕೊಂಡದ್ದೇ? ಬೇಲೂರಿನಲ್ಲಿ ಕಾಲೇಜು ಮಕ್ಕಳಿಗೆ ಇತಿಹಾಸ ಹೇಳುವುದು ನನ್ನ ಕೆಲಸ. ಆಧಾರವಿಲ್ಲದ್ದನ್ನು ನಂಬಬೇಡಿ ಎಂದು ವರ್ಷಕ್ಕೆ ನೂರು ಸಲ ಹೇಳುತ್ತೇನೆ. ನನ್ನ ಆಧಾರವೆಂದರೆ ನನ್ನ ಡೈರಿಗಳು. ಅವು ಎಷ್ಟು ಗಟ್ಟಿ ಎನ್ನುವುದೇ ಈಗಿನ ಕಥೆ, ಸ್ವಲ್ಪ ತಾಳ್ಮೆಯಿಂದ ಜೊತೆಗಿರಿ.

ಭಾವ ಕಿವಿಯಿಂದ ರಿಪೇರಿ ಮಾಡುವವರು. ಟೀ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಾಗ ಕಾರೊಂದು ರಸ್ತೆಯಿಂದ ತಿರುಗಿದರೆ ಸಾಕು, ಅದು ಬಂದು ನಿಲ್ಲುವುದರೊಳಗೆ ಕಿಡಿ ಹೊತ್ತಿಸುವ ಯಾವ ಪ್ಲಗ್ ಕೈಕೊಟ್ಟಿದೆ ಎಂದು ಹೇಳುತ್ತಿದ್ದರು. ಇನ್ನೂ ಸೂಕ್ಷ್ಮವಾಗಿ ಕೇಳಬೇಕಾದರೆ ಈ ಕೊಳವೆಯನ್ನು ಎಂಜಿನ್ನಿನ ಮೈಗೆ ಬಿಗಿದು, ರಬ್ಬರ್ ಪೈಪನ್ನು ಕಿಟಕಿಯಿಂದ ಒಳಗೆ ತಂದು, ಕಿವಿಗೆ ಸಿಕ್ಕಿಸಿಕೊಂಡು ಕೂರುತ್ತಿದ್ದರು.

ಅಕ್ಕ ಹಳೇಬೀಡಿನ ಶಾಲೆಯಲ್ಲಿ ಲೆಕ್ಕದ ಮೇಡಂ. ಅರಸೀಕೆರೆಯಿಂದ ದಿನಾ ಅವಳೇ ಕಾರು ಓಡಿಸಿಕೊಂಡು ಹೋಗಿಬರುತ್ತಾಳೆ. ಸೀರೆಗೆ ಮೂರು ಪಿನ್ ಹಾಕಿಕೊಳ್ಳುವ, ಯಾರ ಜೊತೆಗೂ ಜೋರಾಗಿ ಮಾತಾಡದ ಈ ಅಕ್ಕನಿಗೆ ಒಂದೇ ಒಂದು ದುರಭ್ಯಾಸ: ಮುಂದೆ ಲಾರಿ ಹೋಗುತ್ತಿದ್ದರೆ ಸಹಿಸಲಾರಳು. "ಜಾವಗಲ್ ದಾಟಿದ ಮೇಲೆ ಏರಲ್ಲಿ ಅವರ ಹೊಗೆ ಕುಡ್ಕೊಂಡು ಇನ್ನೆಷ್ಟು ವರ್ಷ ಹೋಗ್ಲಿ ರೀ?" ಎಂದು ಅವಳು ಕೇಳಿದ್ದೇ ನೆಪ, ಭಾವ ಅವಳ ಪುಟ್ಟ ಪೆಟ್ರೋಲ್ ಕಾರಿಗೆ ಟರ್ಬೊ ಕೂರಿಸಿದರು. ಎಂಜಿನ್ ಹೊರಗೆ ಬಿಡುವ ಹೊಗೆಯ ರಭಸದಿಂದಲೇ ಒಂದು ಚಕ್ರ ತಿರುಗಿಸಿ, ಒಳಗೆ ಹೆಚ್ಚು ಗಾಳಿ ತುಂಬುವ ಸಾಧನ ಅದು. ಗಾಳಿ ಹೆಚ್ಚಾದರೆ ಪೆಟ್ರೋಲೂ ಹೆಚ್ಚಬೇಕು, ಕಿಡಿಯ ಸಮಯವೂ ಬದಲಾಗಬೇಕು. ಅದನ್ನೆಲ್ಲ ನಿರ್ಧರಿಸುವ ಕಂಪೆನಿಯ ಕಂಪ್ಯೂಟರಿಗೆ ಈ ಹೊಸ ಗಾಳಿಯ ವಿಷಯವೇ ಗೊತ್ತಿಲ್ಲ. ಹಾಗಾಗಿ ಹೊಸ ಕಂಪ್ಯೂಟರ್ ಆರಿಸಬೇಕಾಯಿತು.

ಅಲ್ಲಿ ನನಗೆ ಕೆಲಸ ಬಂತು. ಇಂಗ್ಲಿಷಿನ ಉದ್ದುದ್ದ ವಿವರಗಳನ್ನು ಫೋನಿನಲ್ಲಿ ಓದಿ ಕನ್ನಡದಲ್ಲಿ ಹೇಳುವುದು. ಶನಿವಾರದ ಸಂಜೆಗಳಲ್ಲಿ ಅವರ ಮನೆಯ ಜಗಲಿಯ ಮೇಲೆ ಕುಳಿತು, ಸಿಗುವ ಮೂರು ಬಗೆಯ ಪೆಟ್ಟಿಗೆಗಳಿಗೆ ಡೈರಿಯಲ್ಲಿ ಮೂರು ಅಂಕಣ ಎಳೆದುಕೊಂಡೆ. ಹೆಸರಿಟ್ಟದ್ದು ಭಾವ. 'ನಡುವಿನದು' ಎಂದರೆ ಎಂಜಿನ್ನಿಗೂ ಹಳೆಯ ಕಂಪ್ಯೂಟರಿಗೂ ನಡುವೆ ಕೂತು, ಬಂದ ಗಾಳಿಯ ಲೆಕ್ಕವನ್ನು ತಿದ್ದಿ ಹೇಳುವ ಚಿಕ್ಕ ಪೆಟ್ಟಿಗೆ. ಅಗ್ಗ, ಸುಲಭ, ಆದರೆ ಸುಳ್ಳು ಹೇಳುವುದೇ ಅದರ ಕಸುಬು. 'ಜಾಗಕ್ಕೆ ಜಾಗ' ಎಂದರೆ ಹಳೆಯದನ್ನು ಕಿತ್ತು ಅದೇ ಸಾಕೆಟ್ಟಿಗೆ ಸಿಕ್ಕಿಸುವಂಥದ್ದು. 'ಬರಿಗೈಯದು' ಎಂದರೆ ವೈರುಗಳನ್ನೆಲ್ಲ ಹೊಸದಾಗಿ ಎಳೆದು, ಪ್ರತಿಯೊಂದನ್ನೂ ನಾವೇ ಕಲಿಸಬೇಕಾದದ್ದು.

"ಭಾವ, ಈ ಮೂರನೇದಕ್ಕೆ ಎಂಜಿನ್ ಶಬ್ದ ಕೇಳಿಸ್ಕೊಳ್ಳೋ ಸೆನ್ಸರ್ ಹಾಕಬಹುದಂತೆ. ನಾಕಿಂಗ್ ಬಂದ್ರೆ ತಾನೇ ಸರಿ ಮಾಡ್ಕೊಳ್ಳುತ್ತಂತೆ," ಎಂದೆ. ನಾಕಿಂಗ್ ಎಂದರೆ ಪೆಟ್ರೋಲು ಹೊತ್ತಬಾರದ ರೀತಿ ಹೊತ್ತಿ ಒಳಗೆ ಕುಟ್ಟುವುದು. ಬಿಟ್ಟರೆ ಪಿಸ್ಟನ್ನನ್ನೇ ತಿನ್ನುತ್ತದೆ.

"ಅದಕ್ಕೆ ಯಾಕಮ್ಮ ಕಿವಿ? ನನಗಿಲ್ವಾ?" ಎಂದರು ಭಾವ.

ಒಳಗಿನಿಂದ ಅಕ್ಕ, "ನಿಮಗಿದ್ದಿದ್ರೆ ಕುಕ್ಕರ್ ಅಷ್ಟು ಸಲ ಕೂಗಿದ್ದು ಕೇಳಿಸ್ಬೇಕಿತ್ತು," ಎಂದಳು.

"ಏನಂದೆ?"

"ಕಾಫಿ ಬೇಕಾ ಅಂದೆ."

"ಅರ್ಧ ಲೋಟ ಕೊಡು."

ನಾನು ತಲೆ ಬಗ್ಗಿಸಿ ಗೆರೆ ಎಳೆಯುತ್ತಿದ್ದೆ. ಆ ವರ್ಷ ಅವರ ಮನೆ ಹೀಗೆಯೇ ನಡೆಯುತ್ತಿತ್ತು. ಸ್ಪೀಕರಿಗೆ ಹಾಕಿದ ಫೋನಿನಲ್ಲಿ ಗಿರಾಕಿ ಹೇಳಿದ್ದನ್ನು ಅಕ್ಕ ಬಾಗಿಲ ಸಂದಿಯಲ್ಲಿ ಕೇಳಿಸಿಕೊಂಡು ಬಂದು, ಬೇರೆ ಮಾತಿನ ನಡುವೆ ಸೇರಿಸಿ ಭಾವನಿಗೆ ಹೇಳುವಳು. ಅವರು ಬೇರೆ ಪ್ರಶ್ನೆಗೆ ಉತ್ತರ ಕೊಟ್ಟರೆ ನಾವು ಪ್ರಶ್ನೆಯನ್ನೇ ಬದಲಾಯಿಸಿಕೊಳ್ಳುವೆವು. ಯಾರೂ ಕೂತು ತೀರ್ಮಾನಿಸಿದ್ದಲ್ಲ. ಕಿವಿಯಿಂದ ಹೆಸರು ಮಾಡಿದವರಿಗೆ ನಿಮ್ಮ ಕಿವಿ ಮಂದವಾಗುತ್ತಿದೆ ಎಂದು ಹೇಳುವುದು ಹೇಗೆ?

ಭಾವ ನಡುವಿನದನ್ನೇ ಆರಿಸಿದರು. ಹಾಸನದ ಗೆಳೆಯನೊಬ್ಬನಿಂದ ಎರಡು ವಾರದ ಪರೀಕ್ಷೆಗೆಂದು ತಂದು, ಕೂರಿಸಿ, ತಮ್ಮ ಕಿವಿಯಿಂದಲೇ ಹದ ಮಾಡಿದರು. ಒಂದು ಭಾನುವಾರ ಬೆಳಿಗ್ಗೆ ಮೂವರೂ ಹೊರಟೆವು. ಅಕ್ಕ ಓಡಿಸುತ್ತಿದ್ದಳು, ಪಕ್ಕದಲ್ಲಿ ಪೈಪು ಸಿಕ್ಕಿಸಿಕೊಂಡ ಭಾವ, ಹಿಂದೆ ನಾನು. ಆ ಬೆಳಗು ನನ್ನೊಳಗೆ ನಿಜವಾಗಿ ನಡೆದದ್ದರಂತೆ ಇಲ್ಲ, ಯಾರೋ ಕಂಡ ಕನಸನ್ನು ನನಗೆ ಹೇಳಿದಂತೆ ಇದೆ. ತೆಂಗಿನ ಸಾಲುಗಳ ನಡುವಿನಿಂದ ಬಿಸಿಲು ಬೆಳಕು ಕತ್ತಲೆ, ಬೆಳಕು ಕತ್ತಲೆ ಎಂದು ನಮ್ಮ ಮೇಲೆ ಹರಿದುಹೋಗುತ್ತಿತ್ತು. ಅಕ್ಕ ಕಾಲು ಒತ್ತಿದಾಗಲೆಲ್ಲ ಟರ್ಬೊ ಯಾರೋ ಬೆರಗಾಗಿ ಉಸಿರು ಎಳೆದುಕೊಂಡ ಹಾಗೆ ಸುಯ್ ಎನ್ನುತ್ತಿತ್ತು. ಏರಿನಲ್ಲಿ ಅವಳು ಎರಡು ಲಾರಿಗಳನ್ನು ಹಿಂದೆ ಹಾಕಿ, ಏನೂ ಆಗದವಳಂತೆ ಸೆರಗು ಸರಿಮಾಡಿಕೊಂಡಳು.

ಹಳೇಬೀಡಿನ ಕೆರೆ ಏರಿಗೆ ಬಂದಾಗ ಭಾವ ತಮ್ಮ ಕಿವಿಯಿಂದ ಪೈಪು ತೆಗೆದು ನನ್ನ ಕಡೆ ಚಾಚಿದರು. ಅದನ್ನು ಅವರು ಯಾರಿಗೂ ಕೊಟ್ಟವರಲ್ಲ.

"ನೀನೂ ಒಂದ್ಸಲ ಕೇಳಮ್ಮ. ನಂಗೇನೋ ಸಲೀಸಾಗೈತೆ."

ಪೈಪನ್ನು ಕಿವಿಗೆ ಸಿಕ್ಕಿಸಿಕೊಂಡೆ. ಅಕ್ಕ ಮತ್ತೆ ಕಾಲು ಒತ್ತಿದಳು. ತಗಡಿನ ಡಬ್ಬಿಯಲ್ಲಿ ಹರಳು ಹಾಕಿ ಕುಲುಕಿದಂಥ ಸದ್ದು, ಸಣ್ಣದು, ಆದರೆ ಸ್ಪಷ್ಟ. ನಾನು ಓದಿ ಹೇಳಿದ್ದ ನಾಕಿಂಗ್ ಅದೇ. ಕನ್ನಡಿಯಲ್ಲಿ ಅಕ್ಕ ನನ್ನನ್ನು ನೋಡಿದಳು.

"ಏನಾರ ಐತಾ?"

"ಇಲ್ಲ ಭಾವ."

ಯಾಕೆ ಹಾಗೆಂದೆ? ಅವರ ಮುಖದಲ್ಲಿದ್ದ ಖುಷಿ ನೋಡಿ ಎಂದು ಹಲವು ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಆದರೆ ಅವರು ಪೈಪು ಕೊಟ್ಟದ್ದೇ ನನ್ನನ್ನು ಹೆದರಿಸಿರಬೇಕು. ಇದೆ ಎಂದಿದ್ದರೆ ಎಂಜಿನ್ನಿನ ಬಗ್ಗೆ ಮಾತ್ರ ಹೇಳಿದಂತಾಗುತ್ತಿರಲಿಲ್ಲ. ಅಂದಿನ ಡೈರಿ ಹೀಗಿದೆ: "ಭಾನುವಾರ. ಹಳೇಬೀಡಿನವರೆಗೆ ಹೋದೆವು. ಕೆರೆಯ ಮೇಲೆ ಮಂಜು. ಶಬ್ದವೇನೂ ಇಲ್ಲ." ಇನ್ನೊಬ್ಬರಿಗೆ ಹೇಳಿದ ಸುಳ್ಳನ್ನು ನನ್ನ ಆಧಾರಗ್ರಂಥಕ್ಕೂ ಹೇಳಿಟ್ಟಿದ್ದೇನೆ. ಕನ್ನಡಿಯಲ್ಲಿ ಅಕ್ಕ ನೋಡಿದ್ದು ಅದರಲ್ಲಿಲ್ಲ; ನನ್ನ ತಪ್ಪನ್ನು ಹಂಚಿಕೊಳ್ಳಲು ಆಮೇಲೆ ಅವಳನ್ನೂ ನೆನಪಿನೊಳಕ್ಕೆ ಕರೆತಂದೆನೋ ಏನೋ.

ಆ ವಾರವೇ, ಗುರುವಾರ ಮಧ್ಯಾಹ್ನ, ಭಾವ ಒಬ್ಬರೇ ಬಸ್ಸಿನಲ್ಲಿ ಬೇಲೂರಿಗೆ ಬಂದರು. ನೀರು ಕೊಟ್ಟೆ, ಕುಡಿದರು. ಷರ್ಟಿನ ಜೇಬಿನಿಂದ ಪೇಪರಿನಲ್ಲಿ ಸುತ್ತಿದ ಪ್ಲಗ್ ತೆಗೆದು ಮೇಜಿನ ಮೇಲಿಟ್ಟರು. ಜೊತೆಗೆ ಈ ಕೊಳವೆಯನ್ನೂ.

"ನಿಮ್ಮಕ್ಕನ ಕಾರಿಂದು. ಬಿಳೀದರ ಮೇಲೆ ನೋಡು."

ಬಿಳಿ ಪಿಂಗಾಣಿಯ ಮೇಲೆ ಮೆಣಸಿನಪುಡಿ ಉದುರಿದಂಥ ಚುಕ್ಕೆಗಳು. ತಿರುಗಿಸಿದರೆ ಮಿನುಗುತ್ತಿದ್ದವು.

"ಪಿಸ್ಟನ್ ಮೈ ಕರಗಿ ಬಂದು ಕೂತೈತೆ. ಇನ್ನೊಂದು ಹದಿನೈದು ದಿನ ಓಡಿದ್ರೆ ತೂತು." ಪ್ಲಗ್ಗನ್ನು ಮತ್ತೆ ಪೇಪರಿನಲ್ಲಿ ಸುತ್ತುತ್ತ ಕೇಳಿದರು: "ಅವತ್ತು ನಿಂಗೆ ಕೇಳುಸ್ತು, ಅಲ್ವಾ?"

"ಕೇಳಿಸ್ತು ಭಾವ."

"ನಿಮ್ಮಕ್ಕ ದಿನಾ ಅದರಲ್ಲೇ ಹೋಗಿ ಬರೋಳು ಕಣಮ್ಮ. ಲಾರಿ ಪಕ್ಕದಾಗೆ ನುಗ್ತಿರುವಾಗ ಎಂಜಿನ್ ಕೈಬಿಟ್ಟಿದ್ರೆ?"

ಬೈದಿದ್ದರೆ ಹಗುರವಾಗುತ್ತಿತ್ತು, ಅವರು ಬೈಯಲಿಲ್ಲ. ಕಿಟಕಿಯಾಚೆ ನೋಡುತ್ತ, "ಎಷ್ಟು ದಿನದಿಂದ ಹಿಂಗ್ ಆ ಪೆಟ್ಟಿಗೆ ಥರ ನಡುವೆ ಕೂತಿದ್ದೀರಾ, ಅಕ್ಕ ತಂಗಿ ಇಬ್ರೂವೆ?" ಎಂದರು.

"ಒಂದು ವರ್ಷ ಆಗಿರ್ಬೋದು ಭಾವ."

"ಹೂಂ. ನಂಗೂ ಗೊತ್ತಿತ್ತು ಅನ್ನು. ಗೊತ್ತಿಲ್ದಿರೋನ ಥರ ಇದ್ದೆ." ಆಮೇಲೆ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. "ಆ ಡೈರಿ ತಗೊ. ಕಿವಿ ಇರೋದಕ್ಕೆ ಗುರುತು ಹಾಕು."

"ಅದಕ್ಕೆ ವೈರೆಲ್ಲ ಹೊಸದಾಗಿ ಎಳೀಬೇಕು. ತುಂಬ ಕೆಲಸ ಹಿಡಿಯುತ್ತೆ."

"ಹಿಡೀಲಿ. ಕೈ ಚೆನ್ನಾಗೇ ಐತೆ."

ಅಷ್ಟು ಹೇಳಿ ಐದು ಗಂಟೆಯ ಬಸ್ಸಿಗೆ ಹೊರಟುಹೋದರು. ಕೊಳವೆ ಮೇಜಿನ ಮೇಲೆಯೇ ಉಳಿಯಿತು. ಮರೆತು ಹೋದರು ಎಂದೇ ನಾನು ಬಹಳ ದಿನ ನಂಬಿದ್ದೆ. ಎರಡು ತಿಂಗಳು ಅಕ್ಕ ಬಸ್ಸಿನಲ್ಲಿ ಓಡಾಡಿದಳು. ಕಿವಿಯಿರುವ ಪೆಟ್ಟಿಗೆ ಕೂತ ಮೇಲೆ ಕಾರು ಮತ್ತೆ ರಸ್ತೆಗಿಳಿಯಿತು, ಇಂದಿಗೂ ಓಡುತ್ತಿದೆ. "ಕಾರಿಗೆ ಕಿವಿ ತರಿಸಿದ್ರಲ್ಲ, ನಿಮಗೂ ಒಂದು ತರಿಸಣ," ಎಂದು ಅವಳು ಈಗ ಅವರ ಎದುರಿಗೇ ನಿಂತು, ಅವರಿಗೆ ಕೇಳುವಂತೆ ಹೇಳುತ್ತಾಳೆ. ಅವರು "ನೋಡಣ" ಎನ್ನುತ್ತಾರೆ.

ನಿನ್ನೆ ಕೊಳವೆಯನ್ನು ಒರೆಸಿ, ಆ ಹಳೆಯ ಡೈರಿ ತೆಗೆದೆ. ಬರೆದದ್ದನ್ನು ಹೊಡೆದುಹಾಕಲು ಮನಸ್ಸಾಗಲಿಲ್ಲ. ಅದೂ ಒಂದು ಆಧಾರವೇ. ಕೆಳಗೆ ಹೊಸ ಶಾಯಿಯಲ್ಲಿ "ಶಬ್ದ ಇತ್ತು" ಎಂದು ಸೇರಿಸಿದೆ. ಶಾಯಿ ಆರುವ ಮೊದಲೇ ಫೋನು ಬಂತು. ಭಾವನದೇ. ಭಾನುವಾರ ಬರ್ತೀಯಾ ಎಂದು ಕೇಳಿದರು. ಬರಲಾಗುವುದಿಲ್ಲ, ಪರೀಕ್ಷೆಯ ಪೇಪರ್ ತಿದ್ದುವುದಿದೆ ಎಂದೆ.

"ಆಯ್ತು ಹಂಗಾದ್ರೆ, ಹೋಳಿಗೆ ಮಾಡಕ್ಕೆ ಹೇಳ್ತೀನಿ," ಎಂದರು.

ಒಂದು ಕ್ಷಣ ಹಳೆಯ ದಾರಿ ಕಣ್ಣ ಮುಂದೆ ಬಂತು. ಹೂಂ ಎಂದುಬಿಟ್ಟು, ಆಮೇಲೆ ಅಕ್ಕನಿಗೆ ಫೋನು ಮಾಡಿ ಸರಿಪಡಿಸಬಹುದಿತ್ತು. ಕೊಳವೆ ಕೈಯಲ್ಲೇ ಇತ್ತು.

"ಭಾವ, ನಾನು ಹೇಳಿದ್ದು ನಿಮಗೆ ಕೇಳಿಸ್ಲಿಲ್ಲ. ಇನ್ನೊಂದ್ಸಲ ಹೇಳ್ತೀನಿ."

ಆ ಕಡೆ ಶೆಡ್ಡಿನಲ್ಲಿ ಸ್ಪ್ಯಾನರ್ ಕೆಳಗಿಟ್ಟ ಸದ್ದು.

"ಹೇಳಮ್ಮ," ಎಂದರು, "ತಡಿ, ಈ ಕಿವಿಗೆ ಇಟ್ಕತೀನಿ."