ಹನ್ನೊಂದು ಗುಡಿಗಳ ಪಟ್ಟಿ

ನಮ್ಮ ಕ್ವಾರ್ಟರ್ಸಿನಲ್ಲಿ ಎಲ್‌ಟಿಸಿ ಮುಗಿಸಿ ಬಂದವರನ್ನು "ಹೆಂಗಿತ್ತು" ಎಂದು ಯಾರೂ ಕೇಳುವುದಿಲ್ಲ, "ಎಷ್ಟು ನೋಡಿದ್ರಿ" ಎಂದು ಕೇಳುತ್ತಾರೆ. ರಕ್ಷಣಾ ಕಾರ್ಖಾನೆಯಲ್ಲಿ ಕೆಲಸ ಮಾಡುವ ನಮ್ಮಪ್ಪನಂಥವರಿಗೆ ಕೆಲವು ವರ್ಷಗಳಿಗೊಮ್ಮೆ ಸಿಗುವ ಪ್ರವಾಸದ ಸವಲತ್ತು ಅದು. ಸಿಕ್ಕಾಗ ಆದಷ್ಟು ಊರು, ಗುಡಿ, ಕೋಟೆ ಮುಗಿಸಿಬಿಡಬೇಕು ಎಂಬುದನ್ನು ಹೈದರಾಬಾದಿನ ನಮ್ಮ ಕಾಲನಿಯಲ್ಲಿ ಕನ್ನಡದವರು, ತೆಲುಗಿನವರು ಎನ್ನದೆ ಎಲ್ಲರೂ ಒಪ್ಪಿದ್ದರು. ನಾನೂ ಒಪ್ಪಿದ್ದೆ.

ಆ ಸಲ ಬೋಧಗಯೆ ಎಂದು ಗೊತ್ತುಮಾಡಿದವಳು ಆಯಿ, ಅಪ್ಪನ ತಾಯಿ. ಆಕೆಯ ತವರು ಭೀಮಾ ನದಿಯ ದಂಡೆಯ ಸನ್ನತಿಯ ಹತ್ತಿರ. ಚಿಕ್ಕವಳಿದ್ದಾಗ ಹೊಲದಲ್ಲಿ ಬಿದ್ದಿದ್ದ ಕೆತ್ತನೆಯ ಕಲ್ಲುಗಳ ಮೇಲೆ ಕುಂಟಾಬಿಲ್ಲೆ ಆಡಿದ್ದಳಂತೆ. ಅವು ಬುದ್ಧನ ಸ್ತೂಪದ ಕಲ್ಲುಗಳು ಎಂದು ತಿಳಿದದ್ದು ತಲೆ ಬೆಳ್ಳಗಾದ ಮೇಲೆ. "ಅವ ಕುಂತ ಗಿಡದ ಬುಡಕ ಒಮ್ಮಿ ಕುಂತು ಬರ್ತೀನಿ, ಮತ್ತೇನೂ ಬ್ಯಾಡ" ಎಂದಿದ್ದಳು. ಆಕೆಯ ಮೊಣಕಾಲು ನೋಡಿದವರಿಗೆಲ್ಲ ಇನ್ನೊಂದು ದೂರದ ಪ್ರಯಾಣ ಆಗಲಾರದು ಎಂದು ಗೊತ್ತಿತ್ತು.

ಪಟ್ಟಿ ಮಾಡುವ ಕೆಲಸ ನನ್ನದು. ಕಾಲೇಜಿನ ಬಸ್ಸು ಎಷ್ಟು ನಿಮಿಷ ತಡವಾಯಿತು ಎಂಬುದನ್ನೂ ದಿನಚರಿಯಲ್ಲಿ ಬರೆದಿಡುವವಳು ನಾನು. ಅಬಿಡ್ಸ್‌ನ ಫುಟ್‌ಪಾತಿನಲ್ಲಿ ಒಂದು ಹಳೆಯ ಪ್ರವಾಸದ ಪುಸ್ತಕ ಸಿಕ್ಕಿತು. ಥಾಯ್, ಭೂತಾನ, ಜಪಾನ, ಟಿಬೆಟ್, ಹೀಗೆ ಒಂದೊಂದು ದೇಶದವರೂ ಅಲ್ಲಿ ತಮ್ಮ ಗುಡಿ ಕಟ್ಟಿದ್ದಾರೆಂದು ಅದರಿಂದ ತಿಳಿಯಿತು. ಎರಡು ದಿನ, ಹನ್ನೊಂದು ಗುಡಿ, ಒಂದೊಂದಕ್ಕೆ ಇಪ್ಪತ್ತು ನಿಮಿಷ ಎಂದು ಗೆರೆ ಎಳೆದು ಬರೆದೆ. ಒಳ್ಳೆಯದು ಕೊನೆಗಿರಲಿ ಎಂದು ಬೋಧಿವೃಕ್ಷವಿರುವ ಮುಖ್ಯ ಗುಡಿಯನ್ನು ಎರಡನೆಯ ದಿನದ ಸಂಜೆಗೆ ಇಟ್ಟೆ.

ಮೊದಲ ದಿನದ ಮೊದಲ ಗುಡಿಯಲ್ಲಿ ಎಲ್ಲರೂ ಬೆರಗಾಗಿ ನಿಂತರು. ಎರಡನೆಯದರಲ್ಲಿ ಗೋಡೆಯ ಮೇಲೆ ಮಣ್ಣಿನಲ್ಲಿ ಮಾಡಿದ ಬುದ್ಧನ ಕಥೆಯನ್ನು ಅವ್ವ ಆಯಿಗೆ ಬೆರಳಿಟ್ಟು ತೋರಿಸಿದಳು. ನಾಲ್ಕನೆಯದರ ಬಾಗಿಲಲ್ಲಿ ಅವ್ವ ನಿಂತುಬಿಟ್ಟಳು.

"ಇದು ನೋಡೀವಲ್ಲ?"

"ಇಲ್ಲವ್ವ, ಇದು ಬ್ಯಾರೆ ದೇಶದ್ದು."

"ಬುದ್ಧ ಅವನೇ ಅಲ್ಲೇನು?"

ಐದನೆಯದಕ್ಕೆ ಅಪ್ಪ ಒಳಗೇ ಬರಲಿಲ್ಲ. "ಚಪ್ಪಲಿ ಯಾರರ ಕಾಯಬೇಕಲ್ಲ" ಎಂದು ಹೊರಗಿನ ನೆರಳಿನಲ್ಲಿ ಕೂತ. ನಾನು ಗಡಿಯಾರ ನೋಡುತ್ತ ಎಲ್ಲರನ್ನೂ ಅವಸರಪಡಿಸಿದೆ. ಆರನೆಯ ಗುಡಿಯ ಮೆಟ್ಟಿಲ ಬಳಿ ಆಯಿ ನನ್ನ ಕೈ ಬಿಟ್ಟಳು.

"ತಂಗಿ, ನಾಳೆ ನೀವು ಹೋಗಿ ಬರ್ರಿ. ನಾ ರೂಮಿನ್ಯಾಗ ಇರ್ತೀನಿ."

"ಗಿಡ ಇರೂದೇ ನಾಳೆ, ಆಯಿ."

"ಗಿಡ ಇರ್ತದ. ನನ್ನ ಕಾಲು ಇರಂಗಿಲ್ಲ."

ಆಕೆ ಸಿಟ್ಟಿನಿಂದ ಹೇಳಿದ್ದರೆ ನಾನು ವಾದಿಸುತ್ತಿದ್ದೆ. ಸಮಾಧಾನವಾಗಿ ಹೇಳಿದಳು, ಅದಕ್ಕೇ ನನಗೆ ಗಾಬರಿಯಾಯಿತು. ಎರಡು ರೈಲು ಹತ್ತಿಸಿ ಕರೆತಂದು, ಆಕೆ ಬೇಡಿದ್ದ ಒಂದೇ ಒಂದನ್ನು ನನ್ನ ಪಟ್ಟಿ ತಪ್ಪಿಸಲಿತ್ತು.

ಸಂಜೆ ಲಾಡ್ಜಿನಲ್ಲಿ ಆಯಿಯ ಕಾಲನ್ನು ಉಪ್ಪು ಹಾಕಿದ ಬಿಸಿನೀರಿನ ಬಕೆಟ್ಟಿನಲ್ಲಿ ಇಡಿಸಿ, ಯಾವ ಗುಡಿಯಲ್ಲಿ ಏನು ನೋಡಿದಿರಿ ಎಂದು ಒಬ್ಬೊಬ್ಬರನ್ನೂ ಕೇಳಿ ಬರೆದುಕೊಂಡೆ. ಮೊದಲ ಗುಡಿಯಿಂದ ನಾಲ್ವರಿಗೂ ಸೇರಿ ಒಂಬತ್ತು ಸಂಗತಿಗಳು ನೆನಪಿದ್ದವು. ಎರಡನೆಯದರಿಂದ ಏಳು, ಮೂರನೆಯದರಿಂದ ಎರಡು. ಅಲ್ಲಿಂದ ಮುಂದೆ ಸೊನ್ನೆ. ಚಪ್ಪಲಿ ಎಲ್ಲೆಲ್ಲಿ ಬಿಟ್ಟಿದ್ದೆವು ಎಂಬುದನ್ನು ಮಾತ್ರ ಅಪ್ಪ ಚಾಚೂ ತಪ್ಪದೆ ಹೇಳಿದ.

"ನಿನ್ನ ಲೆಕ್ಕದಾಗ ಕುಂದ್ರೂದು ಎಲ್ಲಿ ಬರದೀದಿ?" ಆಯಿ ಬಕೆಟ್ಟಿನಿಂದ ಕಾಲು ತೆಗೆಯದೆ ಕೇಳಿದಳು.

ಎಲ್ಲಿಯೂ ಬರೆದಿರಲಿಲ್ಲ. ಗುಡಿಗೆ ಹೋದರೆ ದರ್ಶನವಾದ ಮೇಲೆ ಒಂದು ಗಳಿಗೆ ಕೂತೇ ಏಳಬೇಕು ಎಂಬುದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಕಾಲನಿಯ ಹನುಮಪ್ಪನ ಗುಡಿಯಲ್ಲಿ ಪರೀಕ್ಷೆಯ ದಿನವೂ ನಾನು ಹಾಗೆ ಕೂತು ಬಂದವಳು. ಇಲ್ಲಿ ಆರು ಗುಡಿಗಳಲ್ಲಿ ಯಾರನ್ನೂ ಒಂದು ನಿಮಿಷ ಕೂರಗೊಟ್ಟಿರಲಿಲ್ಲ.

ಪಟ್ಟಿಯ ಮೇಲೆ ಅಡ್ಡಗೆರೆ ಎಳೆದೆ. ಬೆಳಗ್ಗೆ ಕಾಲು ಹಗುರವಿರುವಾಗ ಮೊದಲು ಬೋಧಿವೃಕ್ಷ. ಊಟದ ತನಕ ಬೇರೇನೂ ಇಲ್ಲ. ಮಧ್ಯಾಹ್ನ ನಿದ್ದೆ. ಸಂಜೆ ಯಾರಾದರೂ ಬಾಯಿಬಿಟ್ಟು ಕೇಳಿದರೆ ಒಂದು, ಅದಕ್ಕಿಂತ ಹೆಚ್ಚಿಲ್ಲ.

"ಕ್ವಾರ್ಟರ್ಸಿನವರಿಗೆ ಏನಂತ ಹೇಳೂದು?" ಅಪ್ಪನ ಚಿಂತೆ ಅದು.

"ಬಿಹಾರದ ಚಪ್ಪಲಿ ಭಾಳ ಚಂದ ಇದ್ವು ಅಂತ ಹೇಳ್ರಿ" ಎಂದಳು ಅವ್ವ. ಆಯಿ ನಕ್ಕದ್ದಕ್ಕೆ ಬಕೆಟ್ಟಿನ ನೀರು ತುಳುಕಿತು.

ಮರುದಿನ ಸೈಕಲ್ ರಿಕ್ಷಾದವನು ಬಿಡುವಷ್ಟು ದೂರ ಬಿಟ್ಟ. ಅಲ್ಲಿಂದ ಆಯಿ ನನ್ನ ಭುಜ ಹಿಡಿದು, ನಾಲ್ಕು ಕಡೆ ನಿಂತು, ಗುಡಿಯ ಅಂಗಳಕ್ಕೆ ಮೆಟ್ಟಿಲಿಳಿದಳು. ಮರದ ಹತ್ತಿರ ಜಾಗ ಸಿಕ್ಕಿತು. ಬೋಳುತಲೆಯ ಭಿಕ್ಷುಗಳು ಗುನುಗುವ ದನಿಯಲ್ಲಿ ಮಂತ್ರ ಹೇಳುತ್ತಿದ್ದರು. ಪಕ್ಕದಲ್ಲಿದ್ದ ವಿದೇಶದ ಹೆಂಗಸೊಬ್ಬಳು ತಾನು ಕೂತಿದ್ದ ದಿಂಬನ್ನೇ ಆಯಿಯ ಕಡೆ ಸರಿಸಿದಳು.

"ನೀ ಎಲ್ಲಿ ಕುಂದ್ರತಿ, ಯವ್ವ?" ಎಂದಳು ಆಯಿ, ಕನ್ನಡದಲ್ಲೇ. ಆ ಹೆಂಗಸಿಗೆ ಏನು ಅರ್ಥವಾಯಿತೋ, ನಕ್ಕು ನೆಲದ ಮೇಲೆ ಒತ್ತಿಕೊಂಡು ಕೂತಳು.

ಆಯಿ ಮರದ ಸುತ್ತಲಿನ ಕಲ್ಲಿನ ಕಟಾಂಜನಕ್ಕೆ ಹಣೆ ಮುಟ್ಟಿಸಿ ಏನೋ ಮಾತಾಡಿದಳು. ನನಗೆ ಕೇಳಿದ್ದು ಇಷ್ಟು: "ಸಣ್ಣಾಕಿ ಇದ್ದೆ, ನಿನ್ನ ಕಲ್ಲಿನ ಮ್ಯಾಲೆ ಕುಣದಾಡೀನಿ. ನಿನಗೂ ಬ್ಯಾಸರ ಕಳದಿರಬೇಕು ಬಿಡು." ಎರಡೂಕಾಲು ತಾಸು ಅಲ್ಲೇ ಇದ್ದೆವು. ಯಾರಿಗೂ ದಣಿವಾಗಲಿಲ್ಲ.

ಮಧ್ಯಾಹ್ನ ಗಾಢ ನಿದ್ದೆಯಲ್ಲಿದ್ದಾಗ ಯಾರೋ ನನ್ನ ಭುಜ ತಟ್ಟಿದರು. ಕಣ್ಣು ಬಿಟ್ಟರೆ ಆಯಿ, ಮುಖ ತೊಳೆದು ಸೆರಗು ಸರಿಮಾಡಿಕೊಂಡು ನಿಂತಿದ್ದಳು.

"ಏಳು. ಇನ್ನ ಯಾವುದರ ಉಳದದೇನು?"

ಬಯಲಿನಲ್ಲಿ ಕೂತಿರುವ ದೊಡ್ಡ ಬುದ್ಧನ ಮೂರ್ತಿಗೆ ಕರೆದುಕೊಂಡು ಹೋದೆವು. ಆಯಿ ಬಹಳ ಹೊತ್ತು ಕತ್ತೆತ್ತಿ ನೋಡಿದಳು. ಆಮೇಲೆ ಮಡಚಿಟ್ಟ ಆ ದೊಡ್ಡ ಪಾದಗಳ ಕಡೆ ಕೈ ಮಾಡಿದಳು.

"ಎಷ್ಟು ಹೊತ್ತಿಂದ ಕುಂತಾನ, ಕಾಲು ಜೋಮು ಹಿಡದಿಲ್ಲ ನೋಡು."

ಹಾಗೆಂದು ತಾನೂ ಒಂದು ಕಟ್ಟೆ ಹುಡುಕಿ ಕೂತಳು. ಕಾವಲುಗಾರ ಬಂದು ಗೇಟು ಮುಚ್ಚಬೇಕು ಎನ್ನುವವರೆಗೆ ನಾವು ಯಾರೂ ಏಳಲಿಲ್ಲ.