ಒಂದು ಸಾಲಿನ ಜಾಗ

ಹೋದ ತಿಂಗಳು ನನ್ನ ಎಂ.ಎ. ಪ್ರಮಾಣಪತ್ರ ಹುಡುಕುತ್ತಿದ್ದೆ. ಸವದತ್ತಿಯ ಈ ಬಾಡಿಗೆ ಕೋಣೆಗೆ ಬಂದಾಗಿನಿಂದ ನನ್ನ ಕಾಗದಗಳೆಲ್ಲ ಒಂದೇ ಟ್ರಂಕಿನಲ್ಲಿವೆ. ಪ್ರಮಾಣಪತ್ರ ಸಿಗಲಿಲ್ಲ. ತಳದಲ್ಲಿ ನಾಲ್ಕು ಮಡಿಕೆಯಾಗಿದ್ದ ಬಟರ್ ಪೇಪರಿನ ಹಾಳೆಯೊಂದು ಸಿಕ್ಕಿತು. ಎಣ್ಣೆ ಹಚ್ಚಿದಂತೆ ಪಾರದರ್ಶಕವಾದ ಆ ಕಾಗದ ಈಗ ಹಳದಿಯಾಗಿತ್ತು. ಬಿಡಿಸಿದಾಗ ಪ್ರಿಂಟರಿನ ಸುಟ್ಟ ಮಸಿಪುಡಿಯಂಥ ಸಣ್ಣ ವಾಸನೆ ಬಂತು, ಅಥವಾ ಬಂತು ಎಂದು ನಾನು ಅಂದುಕೊಂಡೆ. ಇಷ್ಟು ವರ್ಷ ಒಂದು ಹಾಳೆ ವಾಸನೆ ಹಿಡಿದಿಟ್ಟುಕೊಳ್ಳುತ್ತದೆಯೇ, ನನಗೆ ಗೊತ್ತಿಲ್ಲ.

ಮೊದಲು ಹಿಂಬದಿಯಿಂದ ಹಿಡಿದಿದ್ದೆ. ಅಕ್ಷರಗಳು ಕನ್ನಡಿಯಲ್ಲಿ ಕಂಡಂತೆ ತಿರುಗಿ ನಿಂತಿದ್ದವು. ಹಾಳೆ ತಿರುವಿ ಕಿಟಕಿಯ ಬೆಳಕಿಗೆ ಹಿಡಿದಾಗ ಗುರುತು ಹತ್ತಿತು. ಅದು ನನ್ನ ಮೊದಲ ಪುಸ್ತಕದ ಎರಡನೆಯ ಪುಟ. ಪ್ರಕಾಶಕರು, ಹಕ್ಕು, ಮುದ್ರಣ ಎಂದು ಯಾರೂ ಓದದ ವಿವರಗಳಿರುವ ಪುಟ. ಕೊನೆಗೆ ಎರಡು ಸಾಲು. ‘ಪುಟ ವಿನ್ಯಾಸ: ಲೇಖಕರು’ ಎಂದು ಒಂದು. ಅದರ ಕೆಳಗೆ ‘ಅಕ್ಷರ ಜೋಡಣೆ’ ಎಂದು, ನನಗೆ ಪುಟ ಕಟ್ಟಲು ಕಲಿಸಿದ ಚಾಚಾ ಅವರ ಪೂರ್ತಿ ಹೆಸರು, ಊರು ಬೈಲಹೊಂಗಲ.

ಕಪಾಟಿನಿಂದ ಪುಸ್ತಕ ತೆಗೆದು ಅದೇ ಪುಟ ನೋಡಿದೆ. ಕೊನೆಯ ಸಾಲು ಅಲ್ಲಿರಲಿಲ್ಲ.

ಇದರಲ್ಲಿ ಗಾಬರಿಯಾಗುವಂಥದ್ದು ಏನೂ ಇರಬೇಕಾಗಿರಲಿಲ್ಲ. ಆದರೆ ಎಷ್ಟೋ ವರ್ಷಗಳಿಂದ ನಾನೊಂದು ಕತೆ ಹೇಳುತ್ತ ಬಂದಿದ್ದೆ. ಕಾಲೇಜುಗಳಲ್ಲಿ ಪುಸ್ತಕ ವಿನ್ಯಾಸದ ಬಗ್ಗೆ ಮಾತಾಡಲು ಕರೆದಾಗೆಲ್ಲ ಹೇಳುತ್ತಿದ್ದೆ. ನನಗೆ ಈ ಕೆಲಸ ಕಲಿಸಿದವರು ಬೈಲಹೊಂಗಲದ ಒಬ್ಬ ಚಾಚಾ, ಪುಸ್ತಕದಲ್ಲಿ ಅವರ ಹೆಸರು ಹಾಕುತ್ತೇನೆಂದರೆ ಅವರೇ ಬೇಡವೆಂದರು, “ಕೆಲಸ ಕಾಣಬೇಕ್ರಿ ಸರ, ಮಾಡಿದವ ಕಾಣಬಾರದು” ಅಂದರು ಎಂದು. ಈ ಮಾತಿಗೆ ಚಪ್ಪಾಳೆ ಬೀಳುತ್ತಿತ್ತು. ಹಾಳೆ ಕೈಯಲ್ಲಿ ಹಿಡಿದು ಆ ಮಾತನ್ನು ನನ್ನಷ್ಟಕ್ಕೆ ನಾನೇ ಹೇಳಿ ನೋಡಿದೆ. ಅದು ಚಾಚಾ ಆಡುವಂಥ ಮಾತಾಗಿರಲಿಲ್ಲ. ನಾನು ಬರೆಯುವಂಥ ಮಾತಾಗಿತ್ತು.

ಆಗ ನಾನು ಧಾರವಾಡದಲ್ಲಿ ಓದು ಮುಗಿಸಿ ಬೈಲಹೊಂಗಲದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕನಾಗಿದ್ದೆ. ಪ್ರಬಂಧಗಳದ್ದೊಂದು ಹಸ್ತಪ್ರತಿ ಕೈಯಲ್ಲಿತ್ತು. ಪುಟಗಳನ್ನು ಸಿದ್ಧಮಾಡಿ ತಂದುಕೊಟ್ಟರೆ ಅಚ್ಚು ಹಾಕುವುದಾಗಿ ಧಾರವಾಡದ ಪ್ರಕಾಶಕರೊಬ್ಬರು ಒಪ್ಪಿದ್ದರು. ಬಜಾರದ ಒಳಓಣಿಯಲ್ಲಿ ಚಾಚಾ ಅವರ ಡಿಟಿಪಿ ಅಂಗಡಿ ಇತ್ತು. ಒಂದು ಕಂಪ್ಯೂಟರು, ಒಂದು ಪ್ರಿಂಟರು, ಎರಡು ಸ್ಟೂಲು. ಸ್ಟೂಲುಗಳು ಹಸಿರು ಎಂದು ನನ್ನ ನೆನಪು… ನೀಲಿಯೂ ಇದ್ದಿರಬಹುದು. ಅವರಿಗೆ ಆಗಲೇ ಐವತ್ತು ದಾಟಿತ್ತು. ಕಂಪ್ಯೂಟರು ಬರುವ ಮುಂಚೆ ಇಪ್ಪತ್ತು ವರ್ಷ ಪ್ರೆಸ್ಸಿನಲ್ಲಿ ಸೀಸದ ಅಕ್ಷರಮೊಳೆಗಳನ್ನು ಒಂದೊಂದಾಗಿ ಎತ್ತಿ ಸಾಲು ಕಟ್ಟಿದವರು. ಬಲಗೈ ಬೆರಳುಗಳ ತುದಿಗಳು ಒರಟಾಗಿದ್ದವು.

ನನ್ನ ಹಸ್ತಪ್ರತಿ ತಿರುವಿ ನೋಡಿ, “ಸರ, ಇದನ್ನ ನಾ ಟೈಪ್ ಹೊಡಕೊಡತೇನಿ. ಆದ್ರ ಪುಟ ನೀವ ಮಾಡ್ರಿ,” ಅಂದರು.

“ನನಗ ಬರೂದಿಲ್ಲ ಚಾಚಾ.”

“ಬರಿಯಾಕ ಬರತೈತಲ್ಲ? ಹಂಗಾರ ಇದೂ ಬರತೈತಿ. ನೀವು ಬರದದ್ದು ಎಲ್ಲಿ ಉಸರ ತಗೋತೈತಿ ಅನ್ನೂದು ನನಗೇನ ಗೊತ್ತು? ಕುಂದರ್ರಿ.”

ಹಾಗೆ ಮಧ್ಯಾಹ್ನದ ತರಗತಿ ಮುಗಿಸಿ ದಿನವೂ ಹೋಗಿ ಕೂರತೊಡಗಿದೆ. ಊರಿನಲ್ಲಿ ನನಗೆ ಬೇರೆ ಯಾರೂ ಪರಿಚಯವಿರಲಿಲ್ಲ. ಕೋಣೆಗೆ ಹೋದರೆ ಗೋಡೆ. ವಿಶ್ವವಿದ್ಯಾಲಯದಲ್ಲಿ ಎಲ್ಲವನ್ನೂ ಅನುಮಾನಿಸಲು ಕಲಿತಿದ್ದೆ, ಹತ್ತಿರ ಕೂತು ಕಲಿಯುವುದನ್ನು ಅಲ್ಲಿ ಯಾರೂ ಕಲಿಸಿರಲಿಲ್ಲ.

ನಾನು ಮೊದಲು ಮಾಡಿದ ಪುಟ ನೋಡಿ ಚಾಚಾ ಜೋರಾಗಿ ನಕ್ಕರು. ಸಾಲುಗಳನ್ನು ಒತ್ತಿ ಒತ್ತಿ ಕೂರಿಸಿದ್ದೆ. “ಇದು ಇಂಗ್ಲಿಷ್ ಅಲ್ರಿ ಸರ. ನಮ್ಮ ಅಕ್ಷರಕ್ಕ ಕಾಲ ಅದಾವ. ಮ್ಯಾಲಿನ ಸಾಲಿನ ಒತ್ತಕ್ಷರ ಕೆಳಗಿನವರ ತಲಿಗೆ ಒದೀಬಾರದು. ಸಂತಿ ಬಸ್ಸಿನ್ಯಾಗ ನಿಂತಂಗ ನಿಲ್ಲಿಸೀರಲ್ಲ!” ಎಂದು ಸಾಲಿನ ನಡುವಿನ ಅಂತರ ಹೆಚ್ಚಿಸಿದರು. ಪುಟ ಒಮ್ಮೆಲೇ ತಿಳಿಯಾಯಿತು. ಎರಡೂ ಅಂಚಿಗೆ ಸಾಲು ಸಮ ಮಾಡಿದಾಗ ನಡುವೆ ಬೀಳುವ ಬಿಳಿ ಸಂದುಗಳನ್ನು ಹೇಗೆ ಮುಚ್ಚುವುದು, ಒಳ ಅಂಚಿಗೆ ಯಾಕೆ ಹೆಚ್ಚು ಜಾಗ ಬಿಡಬೇಕು ಎಂಬುದೆಲ್ಲ ಒಂದೊಂದಾಗಿ ತಿಳಿಯಿತು. ಪ್ಯಾರಾದ ಕೊನೆಯ ಸಾಲೊಂದೇ ಮುಂದಿನ ಪುಟದ ತಲೆಯ ಮೇಲೆ ಹೋಗಿ ಕೂತರೆ ಅವರು ಅದಕ್ಕೆ ‘ಒಂಟಿ ಸಾಲು’ ಎನ್ನುತ್ತಿದ್ದರು. “ನೋಡ್ರಿ, ಪಾಪ, ಮನಿ ಬಿಟ್ಟ ಬಂದೈತಿ. ನೀವ ಬರದವರು ಅದೀರಿ. ಮ್ಯಾಲ ಎರಡ ಶಬ್ದ ಬಿಡ್ರಿ, ತಾನ ಒಳಗ ಹೋಗತೈತಿ.” ಹುಡುಕಿದರೆ ಯಾವಾಗಲೂ ಎರಡು ಶಬ್ದ ಸಿಗುತ್ತಿದ್ದವು. ಬರೆಯುವುದರ ಬಗ್ಗೆ ನಾನು ಕಲಿತದ್ದರಲ್ಲಿ ಹೆಚ್ಚಿನದು ಆ ಶಬ್ದಗಳನ್ನು ಹುಡುಕುತ್ತ ಕಲಿತದ್ದು.

ಪುಟ ಸಿದ್ಧವಾದ ಮೇಲೆ ಅದನ್ನು ಮುದ್ರಿಸಿ ತಲೆಕೆಳಗಾಗಿ ಹಿಡಿದು ನೋಡುವುದು ಅವರ ಪದ್ಧತಿ. “ಸೀದಾ ಹಿಡದ್ರ ನೀವು ಓದಾಕ ಹತ್ತತೀರಿ. ತಲಿಕೆಳಗ ಹಿಡದ್ರ ಬರೇ ಕಪ್ಪು ಬಿಳುಪು ಕಾಣತೈತಿ. ಎಲ್ಲಿ ತೂತ ಬಿದ್ದೈತಿ ಗೊತ್ತಾಗತೈತಿ,” ಎನ್ನುತ್ತಿದ್ದರು. ಇವತ್ತಿಗೂ ನಾನು ಹಾಗೇ ಮಾಡುತ್ತೇನೆ.

ಅಂಗಡಿ ನಡೆಯುತ್ತಿದ್ದದ್ದು ಪುಸ್ತಕದಿಂದಲ್ಲ, ಲಗ್ನಪತ್ರಿಕೆಯಿಂದ. ನಮ್ಮ ಕಡೆಯ ಲಗ್ನಪತ್ರಿಕೆ ಗೊತ್ತಲ್ಲ, ವಧುವರರ ಹೆಸರು ಎರಡು ಸಾಲು, ಉಳಿದದ್ದೆಲ್ಲ ‘ತಮ್ಮ ಸುಖಾಗಮನ ಬಯಸುವವರು’. ಅಜ್ಜ, ಕಾಕಾ, ಸೋದರಮಾವ, ಅವರ ಮಕ್ಕಳು. ಒಂದು ದಿನ ದೊಡವಾಡದ ರೈತರೊಬ್ಬರು ಮಗಳ ಲಗ್ನಪತ್ರಿಕೆಯ ಕರಡು ನೋಡಲು ಬಂದಿದ್ದರು. ಚಾಚಾ ಪಕ್ಕದಲ್ಲಿದ್ದರು, ನಾನು ಕೀಲಿಮಣೆಯ ಮುಂದೆ.

“ಚಾಚಾ, ಈ ಮೂರನೇ ಹೆಸರ ಹೊಡದಬಿಡ್ರಿ,” ಅಂದರು ಆ ರೈತರು.

“ಯಾಕೋ, ಸತ್ತನೇನು?”

“ಸಾಯೂದೆಲ್ಲಿ, ಗುಂಡಕಲ್ಲಿನಂಗ ಅದಾನ. ನನ್ನ ಹೆಂಡ್ತಿ ತಮ್ಮ. ಬಿತ್ತಿಗಿ ಟೈಮಿನ್ಯಾಗ ಟ್ರ್ಯಾಕ್ಟರ್ ಕೇಳಿದ್ರ ಕೊಡಲಿಲ್ಲ.”

“ಹೆಸರ ತಗದ್ರ ಅವ ಲಗ್ನಕ್ಕ ಬರೂದಿಲ್ಲ.”

“ಚಲೋನ ಆತು, ಒಂದ ಎಲಿ ಉಳೀತು.”

“ಅವ ಬರದಿದ್ರ ನಿನ್ನ ಹೆಂಡ್ತಿ ಉಣ್ಣೂದಿಲ್ಲ. ಆಕಿ ಉಣ್ಣದಿದ್ರ ನಾಳಿಂದ ನಿನಗ ರೊಟ್ಟಿ ಯಾರ ಬಡೀತಾರ? ಟ್ರ್ಯಾಕ್ಟರ್ ಬಡೀತೈತೇನು?”

ಅವರು ತಲೆ ಕೆರೆದುಕೊಂಡು ನಕ್ಕು, ಇರಲಿ ಬಿಡ್ರಿ ಅಂದರು. ಅಷ್ಟರಲ್ಲಿ ಜೇಬಿನಿಂದ ಇನ್ನೂ ನಾಲ್ಕು ಹೆಸರಿನ ಚೀಟಿ ಬಂತು. “ಜಾಗ ಇಲ್ಲ ಚಾಚಾ,” ಅಂದೆ ನಾನು.

“ದೇವರನ ಸಣ್ಣ ಮಾಡ್ರಿ. ದೇವರಿಗೆ ಸಿಟ್ಟ ಬರೂದಿಲ್ಲ, ಬೀಗರಿಗೆ ಬರತೈತಿ. ಸುತ್ತ ಹಾಕಿದ ಬಳ್ಳಿ ತಗೀರಿ. ಆದರೂ ಹಿಡೀಲಿಲ್ಲ ಅಂದ್ರ ಅಕ್ಷರ ಅರ್ಧ ಪಾಯಿಂಟ್ ಸಣ್ಣ ಮಾಡ್ರಿ, ಯಾರ ಕಣ್ಣಿಗೂ ಗೊತ್ತಾಗೂದಿಲ್ಲ. ಶಬ್ದ ಬೇಕಾದ್ರ ಬಿಡ್ರಿ ಸರ, ಹೆಸರ ಮಾತ್ರ ಬಿಡಬ್ಯಾಡ್ರಿ.”

ಈ ಮಾತು ಅವರದೇ. ಇದರಲ್ಲಿ ನನಗೆ ಅನುಮಾನವಿಲ್ಲ. ದೇವರ ಮಾತೂ ಬೀಗರ ಮಾತೂ ನನಗೆ ಹೊಳೆಯುವಂಥವಲ್ಲ.

ಇನ್ನು ಆ ದಿನ. ಪುಟಗಳೆಲ್ಲ ಮುಗಿದಿದ್ದವು. ಅಚ್ಚಿನ ಪ್ಲೇಟು ಮಾಡಲೆಂದು ಬಟರ್ ಪೇಪರಿನ ಮೇಲೆ ಮುದ್ರಿಸಿ ಕಟ್ಟು ಕಟ್ಟಿದ್ದೆವು. ಸಂಜೆ ನಾಲ್ಕರ ಧಾರವಾಡ ಬಸ್ಸಿಗೆ ನಾನೇ ಒಯ್ಯಬೇಕಿತ್ತು. ಚಾಚಾ ತಂಗಿಯ ಮನೆಗೆಂದು ಕಟಕೋಳಕ್ಕೆ ಹೋಗಿದ್ದರು. ಅಂಗಡಿಯ ಬೀಗದಕೈ ನನ್ನಲ್ಲಿತ್ತು. ಮೂರು ಗಂಟೆಗೆ ಪ್ರಕಾಶಕರ ಫೋನು ಬಂತು. ಎರಡನೆಯ ಪುಟದಲ್ಲಿ ಹಕ್ಕಿನ ಬಗ್ಗೆ ಇನ್ನೊಂದು ಸಾಲು ಸೇರಿಸಬೇಕು ಎಂದರು. ಸೇರಿಸಿದೆ. ಕೊನೆಯ ಸಾಲು ಜಾರಿ ಮುಂದಿನ ಪುಟಕ್ಕೆ ಹೋಯಿತು.

ಕೊನೆಯ ಸಾಲು ಚಾಚಾ ಅವರ ಹೆಸರು.

ಅಕ್ಷರವನ್ನು ಅರ್ಧ ಪಾಯಿಂಟ್ ಇಳಿಸಬಹುದಿತ್ತು. ಪ್ರಕಾಶಕರ ವಿಳಾಸದ ಕೆಳಗೆ ನಾನು ಇಷ್ಟಪಟ್ಟು ಹಾಕಿದ್ದ ಹೂವಿನ ಗೆರೆಯನ್ನು ತೆಗೆಯಬಹುದಿತ್ತು. ಅದೆಲ್ಲ ನನಗೆ ಆಗ ಬರುತ್ತಿತ್ತು. ಬಸ್ಸಿನ ಗಡಿಬಿಡಿಯೇ? ಇರಬಹುದು. ಅಥವಾ ‘ಪುಟ ವಿನ್ಯಾಸ: ಲೇಖಕರು’ ಎಂಬ ಸಾಲು ಒಂದೇ ನಿಂತರೆ ಚೆಂದ ಕಾಣುತ್ತದೆ ಅನ್ನಿಸಿತ್ತೇ… ಆ ಕ್ಷಣಕ್ಕೆ ಹೋಗಿ ನೋಡಲು ಎಷ್ಟು ಪ್ರಯತ್ನಿಸಿದರೂ ನನಗೆ ಕಾಣುವುದು ಪರದೆಯ ಮೇಲೆ ಕರ್ಸರಿನ ಕಡ್ಡಿ ಮಿನುಗುತ್ತಿದ್ದದ್ದು ಮಾತ್ರ. ಸಾಲು ಅಳಿಸಿದೆ. ಹೊಸ ಹಾಳೆ ಮುದ್ರಿಸಿದೆ. ಹಳೆಯದನ್ನು ಹರಿದು ಹಾಕದೆ ಮಡಚಿ ಚೀಲದಲ್ಲಿಟ್ಟುಕೊಂಡೆ. ಯಾಕೆ ಇಟ್ಟುಕೊಂಡೆನೋ ಗೊತ್ತಿಲ್ಲ.

ಪುಸ್ತಕ ಬಂದ ದಿನ ಮೊದಲ ಪ್ರತಿಯನ್ನು ಚಾಚಾ ಅವರಿಗೇ ಒಯ್ದು ಕೊಟ್ಟೆ. ಅವರು ಕೈ ಒರೆಸಿಕೊಂಡು ತೆಗೆದುಕೊಂಡರು. ಮೊದಲ ಹಾಳೆ ತಿರುವಿದರು. ಎರಡನೆಯ ಪುಟದಲ್ಲೇ ನಿಂತು, ಪುಸ್ತಕವನ್ನು ತಲೆಕೆಳಗು ಮಾಡಿ ಬಹಳ ಹೊತ್ತು ನೋಡಿದರು. ನನ್ನ ಎದೆ ಹಗುರಾಯಿತು. ಇವರು ಓದುತ್ತಿಲ್ಲ, ಬರೇ ಕಪ್ಪು ಬಿಳುಪು ನೋಡುತ್ತಿದ್ದಾರೆ ಅಂದುಕೊಂಡೆ.

“ಚಂದ ಬಂದೈತ್ರಿ ಸರ,” ಅಂದರು. “ಚಹಾ ಕುಡೀತೀರಿ?”

ಕುಡಿದೆವು. ಮರುವರ್ಷ ನನಗೆ ಸವದತ್ತಿಗೆ ಕೆಲಸ ಸಿಕ್ಕಿತು. ಮೊದಲು ತಿಂಗಳಿಗೊಮ್ಮೆ ಹೋಗುತ್ತಿದ್ದೆ, ಆಮೇಲೆ ಬೈಲಹೊಂಗಲದ ಮೇಲೆ ಹಾಯ್ದು ಹೋದರೂ ಬಸ್ಸಿನಿಂದ ಇಳಿಯದಾದೆ. ಅವರು ತೀರಿಕೊಂಡ ಸುದ್ದಿ ನನಗೆ ಗೊತ್ತಾದದ್ದು ಎಷ್ಟೋ ತಿಂಗಳ ಮೇಲೆ, ಬಸ್ಸಿನಲ್ಲಿ, ಹಳೆಯ ಸಹೋದ್ಯೋಗಿಯೊಬ್ಬರ ಬಾಯಿಂದ. ‘ಹೆಸರು ಬೇಡ ಅಂದರು’ ಎಂಬ ಕತೆ ನಾನು ಹೇಳತೊಡಗಿದ್ದು ಅದಾದ ನಂತರವೇ ಇರಬೇಕು. ಅಲ್ಲ ಅನ್ನುವವರು ಆಗ ಯಾರೂ ಉಳಿದಿರಲಿಲ್ಲ.

ಹಾಳೆ ಸಿಕ್ಕ ವಾರ ರಜೆ ಹಾಕಿ ಬೈಲಹೊಂಗಲಕ್ಕೆ ಹೋದೆ. ಅಂಗಡಿಯಿದ್ದಲ್ಲಿ ಈಗ ಮೊಬೈಲ್ ಕವರು ಮಾರುತ್ತಾರೆ. ಹಿಂದಿನ ಓಣಿಯಲ್ಲಿ ಅವರ ಮನೆ ಹಾಗೇ ಇತ್ತು. ಬಾಗಿಲು ತೆಗೆದವರು ಅವರ ಮಗಳು. ಅದೇ ಊರಿನ ಶಾಲೆಯಲ್ಲಿ ಶಿಕ್ಷಕಿ. ನಾನು ಯಾರೆಂದು ಹೇಳುವಷ್ಟರಲ್ಲೇ, “ಪುಸ್ತಕದ ಸರ ಏನ್ರಿ? ಬರ್ರಿ ಒಳಗ,” ಅಂದರು.

ನಾನು ಹಾಳೆ ತೋರಿಸಿದೆ. ಚಾಚಾ ತಮ್ಮ ಹೆಸರು ಬೇಡವೆಂದು ಮನೆಯಲ್ಲಿ ಯಾವಾಗಲಾದರೂ ಹೇಳಿದ್ದರೇ ಎಂದು ಕೇಳಿದೆ. ಹೌದು ಅನ್ನಲಿ ಎಂದು ನಾನು ಎಷ್ಟು ಬಯಸಿದ್ದೆನೆಂದರೆ, ಪ್ರಶ್ನೆಯನ್ನೇ ಹಾಗೆ ಕಟ್ಟಿಕೊಂಡು ಹೋಗಿದ್ದೆ. ಅವರು ಒಳಗೆ ಹೋಗಿ, ನಾನು ಚಾಚಾ ಅವರಿಗೆ ಕೊಟ್ಟಿದ್ದ ಪ್ರತಿಯನ್ನು ತಂದು ಎರಡನೆಯ ಪುಟ ತೆಗೆದು ಕೈಗಿಟ್ಟರು.

ಆ ಪುಟದ ಮೇಲೆ ಇನ್ನೊಂದು ಪುಟ ಅಂಟಿಸಿದ್ದರು. ಅದೇ ಅಳತೆ, ಅದೇ ಅಕ್ಷರ. ಅಂಚನ್ನು ಎಷ್ಟು ನೇರವಾಗಿ ಕತ್ತರಿಸಿದ್ದರೆಂದರೆ ಬೆರಳಾಡಿಸಿದರೆ ಮಾತ್ರ ತಿಳಿಯುತ್ತಿತ್ತು. ಹಕ್ಕಿನ ಹೊಸ ಸಾಲು ಇತ್ತು. ಹೂವಿನ ಗೆರೆ ಇರಲಿಲ್ಲ. ಅಕ್ಷರ ಅರ್ಧ ಪಾಯಿಂಟ್ ಸಣ್ಣದಾಗಿತ್ತು. ‘ಪುಟ ವಿನ್ಯಾಸ: ಲೇಖಕರು.’ ಅದರ ಕೆಳಗೆ, ‘ಅಕ್ಷರ ಜೋಡಣೆ’, ಅವರ ಹೆಸರು. ಅದರ ಕೆಳಗೂ ಇನ್ನಷ್ಟು ಬಿಳಿ ಉಳಿದಿತ್ತು. ಅವರು ನನ್ನ ಸಾಲನ್ನು ತೆಗೆದಿರಲಿಲ್ಲ.

“ನೀವು ಪುಸ್ತಕ ಕೊಟ್ಟ ಮರುದಿನ ನಮ್ಮ ಅಬ್ಬಾ ಮಾಡಿದ್ರು,” ಅಂದರು ಮಗಳು. “ಯಾಕ ಅಬ್ಬಾ ಅಂತ ಕೇಳಿದ್ರ, ಜಾಗ ಇತ್ತಲ್ಲ, ಅಂದ್ರು. ಅಷ್ಟ.”

“ಆದರ ಅವರು ಅವತ್ತ ಆ ಪುಟ ಓದಲಿಲ್ಲ. ತಲೆಕೆಳಗ ಹಿಡಿದು ನೋಡಿದರು…”

ಅವರು ನಕ್ಕುಬಿಟ್ಟರು. “ಅಯ್ಯ ಸರ, ಅಬ್ಬಾ ಓದೂದ ಹಂಗ. ಇಪ್ಪತ್ತ ವರ್ಷ ಮೊಳಿ ಜೋಡಿಸಿದ ಮನಷ್ಯಾರು. ಜೋಡಸೂವಾಗ ಮೊಳಿ ತಲಿಕೆಳಗನ ಇರತಾವಲ್ರಿ? ಪೇಪರ್ ಕೂಡ ಹಂಗ ಹಿಡದ ಓದೂರು. ಅಮ್ಮೀ ಬೈತಿದ್ರು, ಮಂದಿ ಏನಂದಾರು, ಸೀದಾ ಹಿಡೀರಿ ಅಂತ.”

ಆ ದಿನ ಅಂಗಡಿಯಲ್ಲಿ ನಾನು ಹಗುರಾಗಿ ನಿಂತಿದ್ದ ಅಷ್ಟೂ ಹೊತ್ತು ಅವರು ಒಂದೊಂದೇ ಸಾಲು ಓದುತ್ತಿದ್ದರು. ಓದಿ ಮುಗಿಸಿ, ಚಹಾ ಕುಡೀತೀರಿ ಎಂದು ಕೇಳಿದ್ದರು.

ಹೊರಡುವಾಗ, ಚಾಚಾ ಬಗ್ಗೆ ಬರೆಯುತ್ತೇನೆ, ಪೂರ್ತಿ ಹೆಸರು ಹಾಕಿ ಬರೆಯುತ್ತೇನೆ ಅಂದೆ.

“ಹೆಸರ ಬ್ಯಾಡ್ರಿ ಸರ,” ಅಂದರು ಅವರು. ದನಿಯಲ್ಲಿ ಸಿಟ್ಟಿರಲಿಲ್ಲ. “ಆವಾಗ ಹಾಕಬೇಕಿತ್ತು. ಈಗ ಹಾಕಿದ್ರ ಮಂದಿ ನಿಮ್ಮನ್ನ ಹೊಗಳತಾರ.”

ಆದ್ದರಿಂದ ಇಲ್ಲಿಯೂ ಅವರು ಬರೇ ಚಾಚಾ.

ಪುಸ್ತಕ ಕೊಡುತ್ತೀರಾ ಎಂದು ಕೇಳಬೇಕೆನಿಸಿತ್ತು, ಕೇಳಲಿಲ್ಲ. ಅವರು ಅದನ್ನು ಒಳಗೆ ಒಯ್ದಿಟ್ಟರು. ಸವದತ್ತಿ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಬದಿಯ ಸೀಟು ಕೊನೆಯವರೆಗೂ ಖಾಲಿ ಇತ್ತು. ಈಗ ಪರರ ಪುಸ್ತಕಗಳ ಪುಟ ಕಟ್ಟುವಾಗ ಮುದ್ರಿಸಿದ ಹಾಳೆಯನ್ನು ತಲೆಕೆಳಗಾಗಿ ಹಿಡಿಯುತ್ತೇನೆ. ನನಗೆ ಕಪ್ಪು ಬಿಳುಪು ಕಾಣುತ್ತದೆ, ತೂತುಗಳು ಕಾಣುತ್ತವೆ. ಓದಲು ಬರುವುದಿಲ್ಲ. ನನ್ನ ಮೊದಲ ಪುಸ್ತಕದ ಪ್ರತಿಗಳು ಯಾವ ಯಾವ ಊರಿಗೆ ಹೋಗಿವೆಯೋ ತಿಳಿಯದು. ಸರಿಯಾದ ಪ್ರತಿ ಒಂದೇ ಒಂದು ಇದೆ. ಅದು ಬೈಲಹೊಂಗಲದಲ್ಲಿದೆ, ನನ್ನ ಹತ್ತಿರ ಇಲ್ಲ.